ಮೋಟಾರು ಚಕ್ರದ ಕಡ್ಡಿ ಮುರಿದಾಗ

ಸೈಕಲ್ಲಿನ ಕಡ್ಡಿ ಮುರಿಯುವುದು ಗುಂಡಿಗೆ ಬಿದ್ದಾಗ ಎಂದೇ ಹೆಚ್ಚಿನವರ ನಂಬಿಕೆ. ಗುಂಡಿಗೆ ಬಿದ್ದರೆ ರಿಮ್ಮು ಬೆಂಡಾಗುತ್ತದೆ, ಟ್ಯೂಬಿಗೆ ಒಂದೇ ಕಡೆ ಎರಡು ತೂತು ಬೀಳುತ್ತದೆ, ಸವಾರನ ಸೊಂಟ ಹಿಡಿದುಕೊಳ್ಳುತ್ತದೆ. ಕಡ್ಡಿ ಮುರಿಯುವ ಗಳಿಗೆಯೇ ಬೇರೆ. ನುಣ್ಣನೆಯ ಟಾರು ರಸ್ತೆಯಲ್ಲಿ, ಸಿಗ್ನಲ್ ಬಿಟ್ಟು ಮುಂದಕ್ಕೆ ಹೊರಟಾಗ, ಹಿಂದಿನ ಚಕ್ರದಿಂದ ‘ಟಣ್’ ಎಂದು ಒಂದು ಸದ್ದು ಬರುತ್ತದೆ. ಕಲ್ಲು ಸಿಡಿಯಿತೇನೋ ಅಂದುಕೊಂಡು ಹೋಗುತ್ತೇವೆ. ಕೆಲವೊಮ್ಮೆ ಸೈಕಲ್ಲಿನ ಮೇಲೆ ಯಾರೂ ಇರುವುದೂ ಇಲ್ಲ. ರಾತ್ರಿ ಸರಿಯಾಗಿಯೇ ನಿಲ್ಲಿಸಿದ್ದ ಗಾಡಿಯ ಕಡ್ಡಿಯೊಂದು ಬೆಳಿಗ್ಗೆ ಜೋತುಬಿದ್ದಿರುತ್ತದೆ.

ಹಿಂದೆಲ್ಲ ಬ್ರೇಕೇ ದೂರು ಹೇಳುತ್ತಿತ್ತು. ಎಡಗಡೆಯ ಕಡ್ಡಿ ಹೋದರೆ ಅಲ್ಲಿ ರಿಮ್ಮು ಬಲಕ್ಕೆ ವಾಲುತ್ತದೆ, ಸುತ್ತಿಗೊಮ್ಮೆ ಬ್ರೇಕಿನ ರಬ್ಬರಿಗೆ ಉಜ್ಜುತ್ತದೆ. ‘ಸರ್ ಸರ್’ ಎನ್ನುವ ಆ ಸದ್ದು ಕೇಳಿ ಸವಾರ ಅಂಗಡಿಯ ದಾರಿ ಹಿಡಿಯುತ್ತಿದ್ದ. ಡಿಸ್ಕ್ ಬ್ರೇಕು ಬಂದ ಮೇಲೆ ಆ ಸೂಚನೆ ಹೋಯಿತು. ರಿಮ್ಮು ನಾಲ್ಕೈದು ಮಿಲಿಮೀಟರು ಆಚೀಚೆ ಆಡಿದರೂ ಬ್ರೇಕಿಗೆ ಅದರ ಗೊಡವೆಯಿಲ್ಲ. ಒಂದು ಕಡ್ಡಿ ಕಡಿಮೆಯಿರುವ ಚಕ್ರದಲ್ಲೇ ವಾರಗಟ್ಟಲೆ ಓಡಾಡಿ, ಅಕ್ಕಪಕ್ಕದ ಇನ್ನೆರಡು ಹೋದ ಮೇಲೆ ಅಂಗಡಿಗೆ ಬರುವವರೇ ಈಗ ಜಾಸ್ತಿ.

ಎಲೆಕ್ಟ್ರಿಕ್ ಬೈಕು ಎಂದರೆ ನಮ್ಮಲ್ಲಿ ಸ್ಕೂಟರೂ ಸೇರಿಬಿಡುತ್ತದೆ. ಸ್ಕೂಟರುಗಳಿಗೆ ಅಲಾಯ್ ಚಕ್ರ, ಅಲ್ಲಿ ಕಡ್ಡಿಯ ಮಾತೇ ಇಲ್ಲ. ನಾನು ಹೇಳಹೊರಟಿರುವುದು ಪೆಡಲ್ಲೂ ಇದ್ದು ಮೋಟಾರೂ ಇರುವ ಇ-ಸೈಕಲ್ಲಿನ ವಿಚಾರ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರಿನ ಶಕ್ತಿ 250 ವಾಟಿಗಿಂತ ಕಡಿಮೆಯಿದ್ದು ವೇಗ ಗಂಟೆಗೆ 25 ಕಿ.ಮೀ. ಮೀರದ ಹಗುರ ಗಾಡಿಯನ್ನು ಮೋಟಾರು ವಾಹನವೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಂಬರ್ ಪ್ಲೇಟು ಬೇಡ, ಲೈಸೆನ್ಸು ಬೇಡ. ಕೊಳ್ಳುವಾಗ ಇದು ದೊಡ್ಡ ಅನುಕೂಲ. ಕೆಟ್ಟಾಗ ಮಾತ್ರ ಇದು ಮೋಟಾರು ಗಾಡಿಯೂ ಅಲ್ಲ, ಬರೀ ಸೈಕಲ್ಲೂ ಅಲ್ಲ ಎನ್ನುವುದು ಗೊತ್ತಾಗುತ್ತದೆ. ಸ್ಕೂಟರ್ ಗ್ಯಾರೇಜಿನವರು ‘ಸೈಕಲ್ ಅಂಗಡಿಗೆ ಹೋಗಿ’ ಎನ್ನುತ್ತಾರೆ. ಸೈಕಲ್ ಅಂಗಡಿಯವರು ಆಕ್ಸಲ್ಲಿನಿಂದ ಹೊರಬಂದ ವೈರು ನೋಡಿ ‘ಕಂಪನಿಯವರಿಗೇ ತೋರಿಸಿ’ ಎನ್ನುತ್ತಾರೆ.

ಚಕ್ರ ನಿಂತಿರುವುದು ಹೇಗೆ ಎನ್ನುವುದು ತಿಳಿದರೆ ಈ ಹಿಂಜರಿಕೆಗೆ ಕಾರಣವಿಲ್ಲ. ಎತ್ತಿನ ಗಾಡಿಯ ಚಕ್ರದಲ್ಲಿ ಭಾರ ಹೊರುವುದು ಕೆಳಗಿರುವ ಮರದ ಅರ. ನಡುವಿನ ಗುಂಬ ಅದರ ಮೇಲೆ ಕೂತಿರುತ್ತದೆ, ಅರ ಕಂಬದ ಹಾಗೆ ಒತ್ತಡ ತಾಳುತ್ತದೆ. ಸೈಕಲ್ ಕಡ್ಡಿಗೆ ಆ ತಾಕತ್ತಿಲ್ಲ. ಎರಡು ಮಿಲಿಮೀಟರ್ ದಪ್ಪದ ತಂತಿಯನ್ನು ನಿಲ್ಲಿಸಿ ಮೇಲಿನಿಂದ ಒತ್ತಿದರೆ ಬಿಲ್ಲಾಗಿ ಬಾಗುತ್ತದೆ. ಅದಕ್ಕೆ ಬರುವುದು ಎಳೆಯುವುದೊಂದೇ. ಹಾಗಾಗಿ ಚಕ್ರ ಕಟ್ಟುವಾಗಲೇ ಪ್ರತಿ ಕಡ್ಡಿಯನ್ನೂ ಬಿಗಿಯಾಗಿ ಎಳೆದಿಡುತ್ತಾರೆ. ಒಳ್ಳೆಯ ಚಕ್ರದಲ್ಲಿ ಒಂದೊಂದು ಕಡ್ಡಿಯೂ ಸುಮಾರು 100 ಕಿಲೋ ಭಾರ ನೇತುಹಾಕಿದಷ್ಟು ಬಿಗಿದಿರುತ್ತದೆ. ಕಡ್ಡಿ 36 ಇದ್ದರೆ ಒಟ್ಟು 3,600 ಕಿಲೋ. ಗೋಡೆಗೆ ಒರಗಿಸಿಟ್ಟ ಖಾಲಿ ಸೈಕಲ್ಲಿನ ರಿಮ್ಮೂ ಅಷ್ಟು ಎಳೆತವನ್ನು ತಡೆದುಕೊಂಡೇ ನಿಂತಿರುತ್ತದೆ.

ನಾವು ಹತ್ತಿ ಕೂತಾಗ ಆಗುವುದು ಇನ್ನೂ ಸ್ವಾರಸ್ಯದ ಸಂಗತಿ. ನೆಲಕ್ಕೆ ತಾಗಿದ ಕಡೆ ರಿಮ್ಮು ಕೂದಲೆಳೆಯಷ್ಟು ಚಪ್ಪಟೆಯಾಗುತ್ತದೆ, ಅಲ್ಲಿನ ಮೂರು ನಾಲ್ಕು ಕಡ್ಡಿಗಳ ಬಿಗಿ ಇಳಿಯುತ್ತದೆ. ಮೇಲಿನ ಕಡ್ಡಿಗಳು ಭಾರ ಹೊತ್ತು ಇನ್ನಷ್ಟು ಬಿಗಿಯುತ್ತವೆ ಎನ್ನುವುದು ನಮ್ಮ ಊಹೆ. ಲೆಕ್ಕ ಹಾಕಿದರೆ ಅವುಗಳಲ್ಲಿ ಹೆಚ್ಚುಕಮ್ಮಿ ಏನೂ ಆಗಿರುವುದಿಲ್ಲ. ಅಮೆರಿಕದ ಎಂಜಿನಿಯರ್ ಜೋಬ್ಸ್ಟ್ ಬ್ರಾಂಟ್ 1981ರಲ್ಲಿ ಬರೆದ ‘ದಿ ಬೈಸಿಕಲ್ ವೀಲ್’ ಪುಸ್ತಕದಲ್ಲಿ ಇದನ್ನು ಅಂಕಿಗಳ ಸಮೇತ ತೋರಿಸಿಕೊಟ್ಟ. ಚಕ್ರ ಉರುಳಿದಂತೆ ಪ್ರತಿಯೊಂದು ಕಡ್ಡಿಯೂ ಸರದಿಯಂತೆ ಕೆಳಗೆ ಬಂದು ಸಡಿಲಾಗಿ, ಮೇಲೆ ಹೋಗುತ್ತ ಮತ್ತೆ ಬಿಗಿಯಾಗುತ್ತದೆ.

ಇಪ್ಪತ್ತಾರು ಇಂಚಿನ ಚಕ್ರದ ಒಂದು ಸುತ್ತು ಎರಡು ಮೀಟರಿಗಿಂತ ತುಸು ಹೆಚ್ಚು. ಒಂದು ಕಿಲೋಮೀಟರಿಗೆ 480ರ ಮೇಲೆ ಸುತ್ತು. ಕೆಲಸಕ್ಕೆಂದು ದಿನಕ್ಕೆ 20 ಕಿ.ಮೀ. ಓಡಿಸುವವರ ಚಕ್ರದ ಪ್ರತಿ ಕಡ್ಡಿಯೂ ದಿನಕ್ಕೆ ಹತ್ತಿರ ಹತ್ತಿರ ಹತ್ತು ಸಾವಿರ ಸಲ, ವರ್ಷಕ್ಕೆ ಮೂವತ್ತು ಲಕ್ಷದಷ್ಟು ಸಲ ಸಡಿಲ-ಬಿಗಿಯಾಗುತ್ತದೆ. ಎರಡು ಮಿಲಿಮೀಟರಿನ ಒಳ್ಳೆಯ ಸ್ಟೇನ್‌ಲೆಸ್ ಕಡ್ಡಿಯನ್ನು ಎಳೆದು ತುಂಡು ಮಾಡಬೇಕಾದರೆ ಸುಮಾರು 300 ಕಿಲೋ ಬೇಕು. ಅಷ್ಟು ಎಳೆತ ಯಾವ ಗುಂಡಿಯಲ್ಲೂ ಬರುವುದಿಲ್ಲ. ಅದನ್ನು ಮುರಿಯುವುದು ದಣಿವು.

ಲೋಹಕ್ಕೂ ದಣಿವಿದೆ ಎನ್ನುವುದನ್ನು ಜಗತ್ತು ರೈಲಿನಿಂದ ಕಲಿಯಿತು. 1842ರ ಮೇ 8ರಂದು ವರ್ಸೈನಿಂದ ಪ್ಯಾರಿಸಿಗೆ ಬರುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ನೋಡುವುದಕ್ಕೆ ಗಟ್ಟಿಯಾಗಿಯೇ ಇದ್ದ ಕಬ್ಬಿಣ ಹೀಗೇಕೆ ಮುರಿಯಿತು ಎಂಬ ಪ್ರಶ್ನೆಯ ಬೆನ್ನುಹತ್ತಿದವರಲ್ಲಿ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ಮುಖ್ಯ. ಆತ 1850-60ರ ದಶಕಗಳಲ್ಲಿ ಅಚ್ಚುಗಳನ್ನು ಲಕ್ಷಾಂತರ ಸಲ ತಿರುಗಿಸಿ ಪರೀಕ್ಷಿಸಿದ. ತಾಳಿಕೆಯ ಮಿತಿಗಿಂತ ಎಷ್ಟೋ ಕಡಿಮೆ ಭಾರವನ್ನೇ ಮತ್ತೆ ಮತ್ತೆ ಹಾಕಿ ತೆಗೆದರೂ ಲೋಹ ಮುರಿಯುತ್ತದೆ, ಭಾರ ಎಷ್ಟು ಎನ್ನುವುದಕ್ಕಿಂತ ಅದು ಎಷ್ಟು ಏರಿಳಿಯುತ್ತದೆ ಎನ್ನುವುದೇ ಹೆಚ್ಚು ಮುಖ್ಯ ಎಂದು ಕಂಡುಕೊಂಡ. ಮುರಿದ ಕಡ್ಡಿಯ ತುದಿಯನ್ನು ಒಂದು ಸಲ ಭೂತಗನ್ನಡಿಯಲ್ಲಿ ನೋಡಿ. ಒಂದು ಪಕ್ಕ ನುಣುಪಾಗಿ, ಮಂಕಾಗಿರುತ್ತದೆ. ಅಲ್ಲಿ ಬಿರುಕು ಶುರುವಾಗಿ ಎಷ್ಟೋ ತಿಂಗಳು ಒಳಗೊಳಗೇ ಹರಿದಿದೆ. ಉಳಿದ ಚೂರು ಭಾಗ ಮಾತ್ರ ಒರಟಾಗಿ, ಸಕ್ಕರೆ ಹರಳಿನ ಹಾಗೆ ಹೊಳೆಯುತ್ತದೆ. ‘ಟಣ್’ ಅಂದದ್ದು ಆ ಚೂರು.

ಸಡಿಲ ಕಡ್ಡಿ ಬೇಗ ಮುರಿಯುವ ಕಾರಣವೂ ಇಲ್ಲಿದೆ. ಬಿಗಿ ಸಾಕಷ್ಟಿದ್ದರೆ ಕೆಳಗೆ ಬಂದಾಗ ಎಳೆತ ಸ್ವಲ್ಪ ಇಳಿಯುತ್ತದೆ, ಅಷ್ಟೆ. ಬಿಗಿ ಕಡಿಮೆಯಿದ್ದರೆ ಕೆಳಗೆ ಬಂದಾಗ ಕಡ್ಡಿ ಪೂರ್ತಿ ಜೋಲಾಡಿ, ತಲೆಯ ಬಳಿಯ ಬಾಗು ಚಕ್ರದ ನಡುವಿನ ಹಬ್ಬಿನ ತೂತಿನಲ್ಲಿ ಅಲುಗಿ, ಮೇಲೆ ಹೋಗುವಾಗ ಮತ್ತೆ ಜಗ್ಗಿಸಿಕೊಳ್ಳುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ತುಂಡು ಮಾಡುತ್ತೇವಲ್ಲ, ಅದೇ ಕೆಲಸ ಇಲ್ಲಿ ಲಕ್ಷಗಟ್ಟಲೆ ಕಂತುಗಳಲ್ಲಿ ನಡೆಯುತ್ತಿರುತ್ತದೆ. ಹತ್ತರಲ್ಲಿ ಒಂಬತ್ತು ಕಡ್ಡಿ ಈ ಬಾಗಿನಲ್ಲಿ, ಇಲ್ಲವೇ ಇನ್ನೊಂದು ತುದಿಯ ಥ್ರೆಡ್ಡಿನಲ್ಲಿ ಮುರಿಯುತ್ತವೆ ಎಂದು ಮೆಕ್ಯಾನಿಕ್ಕುಗಳು ಹೇಳುವ ಮಾತಿನಲ್ಲಿ ಅತಿಶಯೋಕ್ತಿ ಕಡಿಮೆ.

ಈಗ ಮೋಟಾರಿನ ವಿಷಯಕ್ಕೆ ಬರೋಣ. ಪೆನ್ನಿ-ಫಾರ್ದಿಂಗ್ ಎಂದು ಕರೆಸಿಕೊಂಡ, ಮುಂದೆ ದೊಡ್ಡ ಹಿಂದೆ ಚಿಕ್ಕ ಚಕ್ರದ ಹಳೆಯ ಸೈಕಲ್ಲಿನ ಚಿತ್ರವನ್ನು ಎಲ್ಲರೂ ನೋಡಿರುತ್ತೀರಿ. ಅದಕ್ಕೆ ಚೈನಿಲ್ಲ, ಪೆಡಲ್ಲು ಮುಂದಿನ ಚಕ್ರದ ಹಬ್ಬಿಗೇ ಇರುತ್ತಿತ್ತು. ತುಳಿದರೆ ಮೊದಲು ತಿರುಗುವುದು ಹಬ್ಬು. ರಿಮ್ಮನ್ನು ತನ್ನ ಜೊತೆ ತಿರುಗಿಸಿಕೊಂಡು ಹೋಗುವ ಕೆಲಸ ಕಡ್ಡಿಗಳದ್ದು. ನೇರವಾಗಿ ನಡುವಿನಿಂದ ಅಂಚಿಗೆ ಹೋದ ಕಡ್ಡಿಗಳಿಗೆ ಈ ತಿರುಚು ತಾಳಲು ಆಗುತ್ತಿರಲಿಲ್ಲ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಹೊಲಿಗೆ ಯಂತ್ರ ಮಾಡಿಕೊಂಡಿದ್ದು ಆಮೇಲೆ ಸೈಕಲ್ಲಿಗೆ ಬಂದ ಜೇಮ್ಸ್ ಸ್ಟಾರ್ಲಿ, 1874ರಲ್ಲಿ ಕಡ್ಡಿಗಳನ್ನು ಓರೆಯಾಗಿ, ಒಂದನ್ನೊಂದು ದಾಟುವಂತೆ ಹೆಣೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಅರ್ಧ ಕಡ್ಡಿಗಳು ಮುಂದಕ್ಕೆ ಎಳೆಯಲು, ಅರ್ಧ ಹಿಂದಕ್ಕೆ ಎಳೆಯಲು. ನಮ್ಮೂರಿನ ಹಾಲಿನವರ ಡಬಲ್‌ಬಾರ್ ಸೈಕಲ್ಲಿನಲ್ಲೂ ಇದೇ ಹೆಣಿಗೆ. ಇಂಗ್ಲಿಷರ ಪದ್ಧತಿಯಂತೆ ಅದರ ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40 ಕಡ್ಡಿ. ಭಾರವೂ ತುಳಿತವೂ ಬೀಳುವುದು ಹಿಂದಕ್ಕೇ ಎನ್ನುವ ತಿಳಿವಳಿಕೆ ಆ ಎಂಟು ಹೆಚ್ಚುವರಿ ಕಡ್ಡಿಗಳಲ್ಲಿದೆ.

ಇ-ಸೈಕಲ್ಲಿನಲ್ಲಿ ಹಬ್ಬಿನ ಜಾಗದಲ್ಲಿ ಮೋಟಾರು ಬಂದು ಕೂತಿದೆ. ಮನುಷ್ಯ ತುಳಿಯುವಾಗ ಬಲ ನಿಧಾನಕ್ಕೆ ಏರುತ್ತದೆ. ಮೋಟಾರು ಸ್ವಿಚ್ಚು ಒತ್ತಿದ ಕೂಡಲೇ ಎಳೆಯುತ್ತದೆ, ಅಗ್ಗದ ಕಂಟ್ರೋಲರ್ ಇದ್ದರಂತೂ ಒಮ್ಮೆಲೇ ಜಗ್ಗುತ್ತದೆ. ಮೋಟಾರಿನದೇ ಎರಡು ಮೂರು ಕಿಲೋ ಭಾರ, ಬ್ಯಾಟರಿಯದು ಇನ್ನೆರಡು ಕಿಲೋ, ಕ್ಯಾರಿಯರ್ ಮೇಲಿನ ಸರಕು ಬೇರೆ. ಆದರೂ ಕಡ್ಡಿ ಮುರಿಯಲು ಇದೆಲ್ಲಕ್ಕಿಂತ ದೊಡ್ಡ ಕಾರಣ ಮೋಟಾರಿನ ಗಾತ್ರ ಎಂದು ನನ್ನ ಅಭಿಪ್ರಾಯ.

ಸಾಮಾನ್ಯ ಹಬ್ಬು ಮುಷ್ಟಿಯಲ್ಲಿ ಹಿಡಿಯುವಷ್ಟಿರುತ್ತದೆ. ಅಲ್ಲಿಂದ ರಿಮ್ಮಿಗೆ ಹೋಗುವ ಕಡ್ಡಿ 26 ಇಂಚಿನ ಚಕ್ರದಲ್ಲಿ ಸುಮಾರು 260 ಮಿ.ಮೀ. ಉದ್ದ. ಊಟದ ತಟ್ಟೆಯ ಅಗಲಕ್ಕೆ ಹತ್ತಿರದ ಮೋಟಾರು ಬಂದಾಗ ಉಳಿಯುವ ಜಾಗವೇ ಕಡಿಮೆ. ಕಡ್ಡಿ 200 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಗೇರಿಲ್ಲದ ದೊಡ್ಡ ಮೋಟಾರಿನಲ್ಲಿ 170ಕ್ಕೂ ಇಳಿಯಬಹುದು. ಗಿಡ್ಡ ಕಡ್ಡಿಯನ್ನು ಹಳೆಯ ರೂಢಿಯಂತೆ ಮೂರು ಕಡ್ಡಿ ದಾಟಿಸಿ ಹೆಣೆದರೆ ಅದು ರಿಮ್ಮಿಗೆ ತೀರ ಓರೆಯಾಗಿ ಸೇರುತ್ತದೆ. ಕಡ್ಡಿಯ ಥ್ರೆಡ್ಡನ್ನು ಹಿಡಿದಿರುವ ಪುಟ್ಟ ನಟ್ಟು, ಅಂದರೆ ನಿಪ್ಪಲ್, ರಿಮ್ಮಿನ ತೂತಿನಲ್ಲಿ ಅಷ್ಟು ಹೊರಳಲಾರದು. ಕಡ್ಡಿ ನಿಪ್ಪಲ್ಲಿನ ಬಾಯಲ್ಲೇ ಬಾಗಿ, ಥ್ರೆಡ್ಡಿನ ಮೊದಲ ಗೆರೆಯಲ್ಲಿ ಬಿರುಕು ಬಿಡುತ್ತದೆ. ಅದಕ್ಕೇ ಮೋಟಾರು ಚಕ್ರವನ್ನು ಒಂದೇ ದಾಟಿಗೆ ಹೆಣೆಯಬೇಕು. ಕಡ್ಡಿ ಕೂರುವ ಮೋಟಾರಿನ ತಟ್ಟೆ ಅಗಲವಾಗಿರುವುದರಿಂದ ತಿರುಚು ತಾಳಲು ಅಷ್ಟು ಓರೆ ಸಾಕು.

ಎರಡನೆಯ ತೊಂದರೆ ಕಡ್ಡಿಯ ದಪ್ಪ. ಮೋಟಾರಿಗೆ ದಪ್ಪ ಕಡ್ಡಿ ಇರಲಿ ಎಂದು ಕೆಲವು ತಯಾರಕರು 2 ಮಿ.ಮೀ. ಬದಲು 2.6 ಮಿ.ಮೀ. ಕಡ್ಡಿ, ಅಂದರೆ 12 ಗೇಜಿನದು, ಹಾಕುತ್ತಾರೆ. ಕೇಳಲು ಸರಿ ಎನ್ನಿಸುತ್ತದೆ. ಲೆಕ್ಕ ಬೇರೆಯೇ ಹೇಳುತ್ತದೆ. 260 ಮಿ.ಮೀ. ಉದ್ದದ ಎರಡು ಮಿಲಿಮೀಟರಿನ ಕಡ್ಡಿಯನ್ನು 100 ಕಿಲೋ ಬಿಗಿದರೆ ಅದು ಸುಮಾರು 0.4 ಮಿ.ಮೀ. ಹಿಗ್ಗುತ್ತದೆ. 200 ಮಿ.ಮೀ.ನ 12 ಗೇಜಿನ ಕಡ್ಡಿ ಅದೇ ಬಿಗಿಗೆ ಹಿಗ್ಗುವುದು 0.2ಕ್ಕಿಂತ ಕಡಿಮೆ. ಈ ಹಿಗ್ಗೇ ಕಡ್ಡಿಯ ಕೈಗಂಟು. ನೆಲ ತಾಗಿದಲ್ಲಿ ರಿಮ್ಮು ಒಳಕ್ಕೆ ಸರಿದಾಗ ಹೆಚ್ಚು ಹಿಗ್ಗಿದ ಕಡ್ಡಿ ಇನ್ನೂ ಸ್ವಲ್ಪ ಎಳೆತ ಉಳಿಸಿಕೊಂಡಿರುತ್ತದೆ, ಹಿಗ್ಗದ ದಪ್ಪ ಕಡ್ಡಿ ಅಷ್ಟಕ್ಕೇ ಪೂರಾ ಸಡಿಲಾಗುತ್ತದೆ. ಸಡಿಲಾದ ಕಡ್ಡಿ ಏನಾಗುತ್ತದೆ ಎನ್ನುವುದನ್ನು ಆಗಲೇ ಹೇಳಿದೆ. ದಪ್ಪ ಕಡ್ಡಿಯನ್ನು ಅದರ ಯೋಗ್ಯತೆಗೆ ತಕ್ಕಂತೆ ಬಿಗಿಯೋಣವೆಂದರೆ ಸಾಧಾರಣ ರಿಮ್ಮು ಬಿರುಕು ಬಿಡುತ್ತದೆ. ಮೊಪೆಡ್ಡಿನ ಕಡ್ಡಿ ಹಾಕಿಸಿಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ಅದಕ್ಕಾಗಿ ರಿಮ್ಮಿನ ತೂತು ದೊಡ್ಡದು ಮಾಡಿಸಬೇಕು, ಇದ್ದ ಬಲವನ್ನೂ ಕಳೆದುಕೊಳ್ಳಬೇಕು. ದಯವಿಟ್ಟು ಅವರ ಮಾತು ಕೇಳಬೇಡಿ.

ಮೈಸೂರಿನ ಅಗ್ರಹಾರದ ಕಡೆ ಒಂದು ಸಣ್ಣ ಸೈಕಲ್ ಅಂಗಡಿಯಿದೆ. ಗೋಡೆಗೆ ಹಳೆಯ ಟೈರುಗಳು, ಬಾಗಿಲಲ್ಲಿ ಗಾಳಿ ಪಂಪು, ನೀರು ತುಂಬಿದ ಬಾಣಲೆ. ನಾನು ಹೋದ ದಿನ ಹೂವಿನ ವ್ಯಾಪಾರದ ಹುಡುಗನೊಬ್ಬ ತನ್ನ ಇ-ಸೈಕಲ್ ತಂದು ನಿಲ್ಲಿಸಿದ್ದ. ಹಿಂದಿನ ಕ್ಯಾರಿಯರಿಗೆ ಬುಟ್ಟಿ ಕಟ್ಟಲು ಕಬ್ಬಿಣದ ಚೌಕಟ್ಟು ವೆಲ್ಡ್ ಮಾಡಿಸಿದ್ದ. ಚಕ್ರದ ಎಡಗಡೆ ಒಂದು ಕಡ್ಡಿ ಇರಲಿಲ್ಲ. ಮುರಿದದ್ದನ್ನು ಪಕ್ಕದ ಕಡ್ಡಿಗೆ ಸುತ್ತಿ ಇನ್ಸುಲೇಶನ್ ಟೇಪು ಹಚ್ಚಿದ್ದ. ಅಷ್ಟು ಮಾಡಿದ್ದು ಜಾಣತನವೇ. ಜೋತ ಕಡ್ಡಿ ಮೋಟಾರಿನ ವೈರಿಗೋ ಡಿಸ್ಕಿಗೋ ಸಿಕ್ಕಿಕೊಂಡರೆ ಖರ್ಚು ಎಲ್ಲಿಗೋ ಹೋಗುತ್ತದೆ.

“ಅಣ್ಣಾ, ಒಂದೇ ಕಡ್ಡಿ. ಹತ್ತು ನಿಮಿಷದಲ್ಲಿ ಹಾಕ್ಬಿಡಿ” ಅಂದ ಹುಡುಗ.

ಅರವತ್ತು ದಾಟಿದ ಅಂಗಡಿಯವರು ಮಾತಾಡಲಿಲ್ಲ. ಚಕ್ರ ಎತ್ತಿ ತಿರುಗಿಸಿದರು. ಆಮೇಲೆ ಎರಡೂ ಕೈಯಿಂದ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಹಿಂಡುತ್ತ ಒಂದು ಸುತ್ತು ಬಂದರು. “ಮುರ್ದಿರೋದು ಒಂದೇ ಕಣಪ್ಪ. ಸಾಯಕ್ಕೆ ಕೂತಿರೋವು ಐದಾರಿವೆ” ಅಂದರು.

ನನ್ನ ಮಟ್ಟಿಗೆ ಇಡೀ ರಿಪೇರಿಯ ಸಾರ ಆ ಒಂದು ಮಾತಿನಲ್ಲಿದೆ. ಮುರಿದ ಕಡ್ಡಿಯ ಜಾಗಕ್ಕೆ ಹೊಸದನ್ನು ಸೇರಿಸುವುದು ಕೆಲಸದ ಕಾಲು ಭಾಗ. ಮೊದಲು ಬ್ಯಾಟರಿ ಕಳಚಿ ಪಕ್ಕಕ್ಕಿಟ್ಟರು. ಚೈನಿನ ಪಕ್ಕದ ಫ್ರೇಮಿನ ಕೊಳವೆಯ ಉದ್ದಕ್ಕೂ ಕಟ್ಟಿದ್ದ ಪ್ಲಾಸ್ಟಿಕ್ ಟೈಗಳನ್ನು ಕತ್ತರಿಸಿ, ಮೋಟಾರಿನ ವೈರಿನ ಕನೆಕ್ಟರನ್ನು ಹುಡುಕಿದರು. ಅದರ ಎರಡೂ ತುಂಡುಗಳ ಮೇಲೆ ಬಾಣದ ಗುರುತಿರುತ್ತದೆ. ತಿರುಚದೆ ನೇರವಾಗಿ ಎಳೆಯಬೇಕು, ಒಳಗಿನ ಪಿನ್ನುಗಳು ಗುಂಡುಸೂಜಿಗಿಂತ ಸಣ್ಣ. ಸೈಕಲ್ಲನ್ನು ತಲೆಕೆಳಗು ಮಾಡುವ ಮೊದಲು ಹ್ಯಾಂಡಲ್ಲಿನ ಡಿಸ್‌ಪ್ಲೇ ಕಲ್ಲಿಗೆ ತಾಗದಂತೆ ಎರಡು ಗೋಣಿಚೀಲ ಹಾಸಿದರು. 18ರ ಸ್ಪ್ಯಾನರಿನಿಂದ ನಟ್ಟು ಬಿಚ್ಚಿ, ಬಂದ ವಾಷರುಗಳನ್ನು ಬಂದ ಕ್ರಮದಲ್ಲೇ ಒಂದು ತಂತಿಗೆ ಪೋಣಿಸಿಟ್ಟರು. ಅವುಗಳಲ್ಲಿ ಒಂದಕ್ಕೆ ಕೊಕ್ಕಿನಂಥ ಚಾಚು ಇರುತ್ತದೆ. ಮೋಟಾರು ಚಕ್ರವನ್ನು ಮುಂದಕ್ಕೆ ತಳ್ಳುವಾಗ ಆಕ್ಸಲ್ಲು ಹಿಂದಕ್ಕೆ ತಿರುಗಲು ಹವಣಿಸುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಈ ವಾಷರು. ಅದನ್ನು ಅದಲುಬದಲು ಮಾಡಿ ಹಾಕಿದರೆ, ಅಥವಾ ನಟ್ಟು ಸಡಿಲ ಬಿಟ್ಟರೆ, ಆಕ್ಸಲ್ಲು ಗರ್ರನೆ ತಿರುಗಿ ವೈರುಗಳನ್ನು ಹಿಂಡಿ ತುಂಡರಿಸುತ್ತದೆ. ಆಮೇಲೆ ಕಡ್ಡಿಯ ಚಿಂತೆ ಮರೆತೇಹೋಗುತ್ತದೆ.

ಟೈರು, ಟ್ಯೂಬು, ರಿಮ್ ಟೇಪು ಬಿಚ್ಚಿದ ಮೇಲೆ ಹಳೆಯ ನಿಪ್ಪಲ್ಲನ್ನು ತೂತಿನಿಂದ ಉದುರಿಸಿದರು. ಎರಡು ಪದರದ ರಿಮ್ಮಿನೊಳಗೆ ಅದು ಬಿದ್ದುಹೋದರೆ ಪ್ರತಿ ಸುತ್ತಿಗೂ ಕಟಕಟ ಎನ್ನುತ್ತದೆ. ಕಡ್ಡಿಯ ತಲೆ ಮೋಟಾರಿನ ತಟ್ಟೆಯ ತೂತಿನಲ್ಲೇ ಉಳಿದಿತ್ತು. ಮೊಳೆಯಿಂದ ತಳ್ಳಿ ತೆಗೆದು, ಉಳಿದ ತುಂಡನ್ನು ಅದಕ್ಕೆ ಜೋಡಿಸಿ ಸ್ಟೀಲ್ ಸ್ಕೇಲಿನ ಮೇಲೆ ಇಟ್ಟರು. ಬಾಗಿನ ಒಳಮೈಯಿಂದ ಥ್ರೆಡ್ಡಿನ ತುದಿಯವರೆಗೆ ಅಳೆಯಬೇಕು, ತಲೆಯನ್ನು ಸೇರಿಸಬಾರದು. ಬಲಗಡೆಯ ಕಡ್ಡಿಯನ್ನು ನೋಡಿ ಎಡಗಡೆಯದನ್ನು ಅಂದಾಜು ಮಾಡುವುದೂ ತಪ್ಪು. ಹಿಂದಿನ ಚಕ್ರದಲ್ಲಿ ಫ್ರೀವೀಲ್ ಕೂರಲು ಜಾಗ ಬೇಕಾದ್ದರಿಂದ ಎರಡು ಬದಿಯ ಕಡ್ಡಿಗಳ ಉದ್ದದಲ್ಲಿ ಒಂದೆರಡು ಮಿಲಿಮೀಟರ್ ವ್ಯತ್ಯಾಸವಿರುತ್ತದೆ.

ಹುಡುಗನ ಅದೃಷ್ಟಕ್ಕೆ ಅಳತೆಗೆ ಸರಿಯಾದ ಕಡ್ಡಿ ಡಬ್ಬದಲ್ಲಿ ಸಿಕ್ಕಿತು. ಪಕ್ಕದ ಕಡ್ಡಿಗೆ ತಲೆ ಒಳಗಿದೆಯೋ ಹೊರಗಿದೆಯೋ, ಎದುರು ಬರುವ ಕಡ್ಡಿಯನ್ನು ಮೇಲಿಂದ ದಾಟುತ್ತದೋ ಅಡಿಯಿಂದಲೋ ನೋಡಿಕೊಂಡು, ಒಂದು ಬಿಟ್ಟು ಒಂದರ ಹೆಣಿಗೆಯನ್ನೇ ಅನುಸರಿಸಿದರು. ಕಡ್ಡಿಯನ್ನು ಬೆರಳುಗಳ ನಡುವೆ ಮೆತ್ತಗೆ ಬಿಲ್ಲಿನಂತೆ ಬಗ್ಗಿಸಿ ತೂರಿಸಬೇಕು, ಮುರಿಕೆ ಬೀಳದ ಹಾಗೆ. ಬಲಗಡೆ ಮುರಿದಿದ್ದರೆ ಬರೀ ಸೈಕಲ್ಲಿನಲ್ಲಿ ಫ್ರೀವೀಲ್ ಬಿಚ್ಚಲೇಬೇಕು. ಮೋಟಾರಿನ ತಟ್ಟೆ ಅನೇಕ ಸಲ ಫ್ರೀವೀಲಿಗಿಂತ ಅಗಲವಾಗಿರುವುದರಿಂದ ಇಲ್ಲಿ ಆ ತಾಪತ್ರಯ ಇರದೆಯೂ ಹೋಗಬಹುದು. ಮೋಟಾರು ಚಕ್ರದ ಪರವಾಗಿ ಹೇಳಬಹುದಾದ ಅಪರೂಪದ ಮಾತು ಇದು.

ಥ್ರೆಡ್ಡಿಗೆ ಒಂದು ಹನಿ ಎಣ್ಣೆ. ಡಿಸ್ಕಿನ ಮೇಲೆ ಮಾತ್ರ ಬೀಳಬಾರದು, ಆಮೇಲೆ ಬ್ರೇಕು ಹಿಡಿಯುವುದಿಲ್ಲ. ನಿಪ್ಪಲ್ಲನ್ನು ಕೈಯಿಂದ ತಿರುಗಿಸಿ, ನಂತರ ನಿಪ್ಪಲ್ ಕೀ ಹಿಡಿದರು. ಎರಡು ಮಿಲಿಮೀಟರಿನ ಕಡ್ಡಿಯ ಥ್ರೆಡ್ಡು ಇಂಚಿಗೆ 56 ಸುತ್ತಿನದು. ಕೀಯ ಒಂದು ಪೂರ್ತಿ ಸುತ್ತಿಗೆ 0.45 ಮಿ.ಮೀ. ಮುಂದೆ ಹೋಗುತ್ತದೆ. ಇಡೀ ಕಡ್ಡಿ ಹಿಗ್ಗುವುದೇ ಅರ್ಧ ಮಿಲಿಮೀಟರಿಗಿಂತ ಕಡಿಮೆ ಎಂದ ಮೇಲೆ ಒಂದು ಸುತ್ತು ಎಂದರೆ ಎಷ್ಟಾಯಿತು ನೋಡಿ. ಅನುಭವಸ್ಥರು ಕಾಲು ಸುತ್ತಿನ ಲೆಕ್ಕದಲ್ಲೇ ಮಾತಾಡುತ್ತಾರೆ.

ಚಕ್ರವನ್ನು ಫ್ರೇಮಿಗೆ ಕೂರಿಸಿ, ಹೆಬ್ಬೆರಳಿನ ಉಗುರನ್ನು ರಿಮ್ಮಿನ ಪಕ್ಕ ಹಿಡಿದು, ಮೆಲ್ಲಗೆ ಮುಂದಕ್ಕೆ ತಿರುಗಿಸಿದರು. ಹಿಂದಕ್ಕೆ ತಿರುಗಿಸಿದರೆ ಒಳಗಿನ ಗೇರು ಹಿಡಿದು ಮೋಟಾರೂ ಜೊತೆಗೆ ತಿರುಗಬೇಕಾಗುತ್ತದೆ, ಚಕ್ರ ಭಾರವೆನಿಸುತ್ತದೆ. ಉಗುರಿಗೆ ತಾಗಿದ ಕಡೆ ಸೀಮೆಸುಣ್ಣದ ಗುರುತು. ರಿಮ್ಮು ಎಡಕ್ಕೆ ಬಂದಿದ್ದರೆ ಅಲ್ಲಿನ ಬಲಗಡೆ ಕಡ್ಡಿ ಕಾಲು ಸುತ್ತು ಬಿಗಿ, ಎಡದ್ದು ಕಾಲು ಸುತ್ತು ಸಡಿಲ. ನಡುನಡುವೆ ಕಡ್ಡಿಗಳನ್ನು ಮೀಟಿ ನೋಡುತ್ತಿದ್ದರು. ತಂಬೂರಿಯ ತಂತಿಯ ಹಾಗೆ, ಬಿಗಿಯಾದದ್ದು ಏರುಶ್ರುತಿಯಲ್ಲಿ, ಸಡಿಲವಾದದ್ದು ತಗ್ಗಿನಲ್ಲಿ ನುಡಿಯುತ್ತದೆ. ಒಂದೇ ಬದಿಯ ಕಡ್ಡಿಗಳನ್ನು ಮಾತ್ರ ಹೋಲಿಸಬೇಕು. ಎಡಬಲಗಳ ಬಿಗಿಯೇ ಬೇರೆಯಾದ್ದರಿಂದ ನಾದವೂ ಬೇರೆ. ಹೊಸ ಕಡ್ಡಿಯ ನೆರೆಹೊರೆಯ ಐದಾರು ಕಡ್ಡಿಗಳು ಮೀಟಿದರೆ ‘ಟಿಂಗ್’ ಎನ್ನುವ ಬದಲು ‘ಟಪ್’ ಎನ್ನುತ್ತಿದ್ದವು. ಸಾಯಲು ಕೂತಿದ್ದವು ಅವೇ. ಅವುಗಳನ್ನೂ ನಿಧಾನಕ್ಕೆ ಉಳಿದವುಗಳ ಮಟ್ಟಕ್ಕೆ ತಂದರು.

ಕೊನೆಯಲ್ಲಿ ಮತ್ತೆ ಜೋಡಿ ಜೋಡಿಯಾಗಿ ಹಿಂಡಿದರು, ಈ ಸಲ ಜೋರಾಗಿ. ಚಕ್ರ ಕಿರ್ ಕಿರ್ ಎಂದಿತು. ಹೊಸ ಕಡ್ಡಿಯ ಬಾಗು ತಟ್ಟೆಗೆ ಸರಿಯಾಗಿ ಅಂಟಿ ಕೂರುವುದು, ನಿಪ್ಪಲ್ ಜೊತೆ ತಿರುಚಿಕೊಂಡಿದ್ದ ಕಡ್ಡಿ ಬಿಚ್ಚಿಕೊಳ್ಳುವುದು ಈ ಹಿಂಡುವಿಕೆಯಿಂದ. ಬಹಳಷ್ಟು ಕಡೆ ಇದನ್ನು ಮಾಡುವುದೇ ಇಲ್ಲ. ಕಾರ್ಖಾನೆಯಲ್ಲಿ ಯಂತ್ರ ಬೇಗಬೇಗ ಹೆಣೆದು ಕಳಿಸುವ ಅಗ್ಗದ ಚಕ್ರಗಳಲ್ಲಿ ಈ ಹಂತ ಸರಿಯಾಗಿ ಆಗಿರುವುದಿಲ್ಲ, ಬಿಗಿಯೂ ಸಮನಾಗಿರುವುದಿಲ್ಲ. ಕೊಂಡು ಒಂದೆರಡು ತಿಂಗಳಾದ ಮೇಲೆ ಒಮ್ಮೆ ಇಷ್ಟು ಮಾಡಿಸಿದ್ದರೆ ಹುಡುಗ ಆ ದಿನ ಅಲ್ಲಿ ಕೂರಬೇಕಿರಲಿಲ್ಲ. ಹತ್ತು ನಿಮಿಷದ ಕೆಲಸ ಮುಕ್ಕಾಲು ಗಂಟೆ ದಾಟಿತ್ತು. ವಾಷರಿನ ಕೊಕ್ಕನ್ನು ಫ್ರೇಮಿನ ಸೀಳಿಗೆ ಕೂರಿಸಿ, ನಟ್ಟನ್ನು ಮೈಭಾರ ಹಾಕಿ ಬಿಗಿದರು. ಟಾರ್ಕ್ ರೆಂಚು ಇರುವವರು ಸುಮಾರು 40 ನ್ಯೂಟನ್ ಮೀಟರಿಗೆ ಇಡಬಹುದು. ವೈರು ಆಕ್ಸಲ್ಲಿನಿಂದ ಹೊರಬರುವಲ್ಲಿ ಸ್ವಲ್ಪ ಕೆಳಕ್ಕೆ ಜೋಲುವಂತೆ ಬಿಟ್ಟು ಟೈ ಕಟ್ಟಿದರು. ಮಳೆನೀರು ವೈರಿನ ಗುಂಟ ಮೋಟಾರಿನೊಳಕ್ಕೆ ಇಳಿಯದೆ ಆ ಜೋಲಿನಲ್ಲೇ ತೊಟ್ಟಿಕ್ಕಿಹೋಗಲಿ ಎಂದು.

ಎಲ್ಲರಿಗೂ ಆ ಡಬ್ಬದ ಅದೃಷ್ಟ ಇರುವುದಿಲ್ಲ. ಈ ರಿಪೇರಿಯ ನಿಜವಾದ ಕಗ್ಗಂಟು ಕಡ್ಡಿ ಸಿಗದಿರುವುದು. ನಮ್ಮ ಅಂಗಡಿಗಳಲ್ಲಿ ಲೂಧಿಯಾನದಿಂದ ಬರುವ ಕಡ್ಡಿಯ ಕಟ್ಟುಗಳು ಸಾಮಾನ್ಯ ಹಬ್ಬಿನ ಅಳತೆಯವು. ಇನ್ನೂರರ ಆಸುಪಾಸಿನ ಕಡ್ಡಿ ಯಾರೂ ಇಟ್ಟುಕೊಂಡಿರುವುದಿಲ್ಲ. ಉದ್ದದ್ದನ್ನು ಕತ್ತರಿಸಿ ಥ್ರೆಡ್ ಹೊಡೆಸುವುದು ಚಾಲ್ತಿಯಲ್ಲಿರುವ ಉಪಾಯ. ಅದರಲ್ಲೂ ಒಂದು ಸೂಕ್ಷ್ಮವಿದೆ. ಕಡ್ಡಿಯ ಥ್ರೆಡ್ಡನ್ನು ಕಾರ್ಖಾನೆಯಲ್ಲಿ ಕೊರೆಯುವುದಿಲ್ಲ, ಎರಡು ಅಚ್ಚುಗಳ ನಡುವೆ ಒತ್ತಿ ಉರುಳಿಸುತ್ತಾರೆ. ಲೋಹ ಎಲ್ಲೂ ಕಡಿಮೆಯಾಗದೆ ಗೆರೆ ಮೂಡುತ್ತದೆ. ಲೇತಿನಲ್ಲಿ ಡೈ ಹಾಕಿ ಕೊರೆದರೆ ಆ ಜಾಗದಲ್ಲಿ ಕಡ್ಡಿ ಸಣಕಲಾಗಿ, ಅಲ್ಲೇ ಮುರಿಯುತ್ತದೆ. ಉರುಳಿಸುವ ಕೈಯಂತ್ರ ಇರುವ ಅಂಗಡಿಗಳು ದೊಡ್ಡ ಊರುಗಳಲ್ಲಿ ಕೆಲವಿವೆ, ವಿಚಾರಿಸಿ ಅಲ್ಲಿಗೇ ಹೋಗುವುದು ಒಳ್ಳೆಯದು.

ಒಂದು ಮುರಿದರೆ ಒಂದು ಹಾಕಿ, ಇಡೀ ಚಕ್ರದ ಬಿಗಿ ಸರಿಮಾಡಿಸಿ. ಎರಡನೆಯದು ಮುರಿದರೂ ಹಾಗೇ. ಒಂದೇ ಬದಿಯಲ್ಲಿ ಮೂರನೆಯದೂ ಹೋಯಿತೆಂದರೆ ಉಳಿದ ಕಡ್ಡಿಗಳ ಬಾಗಿನಲ್ಲೂ ಬಿರುಕು ಹುಟ್ಟಿದೆ ಎಂದೇ ಅರ್ಥ. ಆಗ ಹಳೆಯ ಕಡ್ಡಿಗಳ ಮೇಲೆ ದುಡ್ಡು ಸುರಿಯಬೇಡಿ. ಮೋಟಾರು, ರಿಮ್ಮು ಎರಡನ್ನೂ ಉಳಿಸಿಕೊಂಡು ಎಲ್ಲ ಕಡ್ಡಿ ಹೊಸದಾಗಿ ಹೆಣೆಸಿ. ತುದಿಯಲ್ಲಿ 2.3 ಮಿ.ಮೀ. ಇದ್ದು ಮಧ್ಯದಲ್ಲಿ 2 ಮಿ.ಮೀ.ಗೆ ಸಪುರವಾಗುವ ಕಡ್ಡಿಗಳು ಇದಕ್ಕೆ ಹೇಳಿಮಾಡಿಸಿದಂಥವು. ಬಾಗು ಗಟ್ಟಿ, ಮೈ ಹಿಗ್ಗುವಂಥದು. ಬೆಲ್ಜಿಯಮ್ಮಿನ ಸೇಪಿಂ, ಸ್ವಿಟ್ಜರ್ಲೆಂಡಿನ ಡಿಟಿ ಸ್ವಿಸ್ ಇಂಥವನ್ನು ಮಾಡುತ್ತವೆ, ಬೆಲೆ ಮಾತ್ರ ನಮ್ಮ ಕಡ್ಡಿಯ ಹಲವು ಪಟ್ಟು. ಅದು ಕೈಗೆಟುಕದಿದ್ದರೆ ಸಾದಾ 13 ಅಥವಾ 14 ಗೇಜಿನ ಸ್ಟೇನ್‌ಲೆಸ್ ಕಡ್ಡಿಯನ್ನೇ ಒಂದು ದಾಟಿಗೆ, ಸಮನಾದ ಬಿಗಿಯಲ್ಲಿ ಕಟ್ಟಿಸಿದರೂ ವರ್ಷಗಟ್ಟಲೆ ಬಾಳುತ್ತದೆ. ಮೋಟಾರಿನ ತೂತು ದೊಡ್ಡದಿದ್ದು ಕಡ್ಡಿಯ ತಲೆ ಅಲುಗುವಂತಿದ್ದರೆ ತಲೆಯ ಕೆಳಗೆ ಪುಟ್ಟ ಹಿತ್ತಾಳೆ ವಾಷರ್ ಹಾಕಿಸಿ. ಚಕ್ರ ಕಟ್ಟುವ ಕೂಲಿಗೆ ಚೌಕಾಸಿ ಮಾಡುವುದು ನನಗೆ ಸರಿಕಾಣುವುದಿಲ್ಲ. 36 ಕಡ್ಡಿಗಳನ್ನು ಒಂದೇ ನಾದಕ್ಕೆ ತರುವ ಕೈಗಳು ಊರಿಗೆ ನಾಲ್ಕಿವೆಯೋ ಐದಿವೆಯೋ. ಅವರಲ್ಲಿ ಬಹುಪಾಲು ವಯಸ್ಸಾದವರು, ಮಕ್ಕಳು ಬೇರೆ ಕೆಲಸಕ್ಕೆ ಹೋಗಿದ್ದಾರೆ.

ಇ-ಸೈಕಲ್ ಮಾರುವವರಲ್ಲಿ ಒಂದು ಕೇಳಿಕೆ. ಗಾಡಿಯ ಜೊತೆ ಬೆಲ್ಲು, ಬಾಟಲಿ ಸ್ಟ್ಯಾಂಡು, ಟೀ ಶರ್ಟು ಕೊಡುತ್ತೀರಿ. ಅವುಗಳ ಬದಲು ಹಿಂದಿನ ಚಕ್ರದ ಎರಡೂ ಬದಿಯ ಅಳತೆಯ ನಾಲ್ಕು ನಾಲ್ಕು ಕಡ್ಡಿ, ನಿಪ್ಪಲ್ ಸಮೇತ, ಸೀಟಿನ ಕೊಳವೆಗೆ ಟೇಪಿನಲ್ಲಿ ಸುತ್ತಿ ಕೊಡಿ. ಕಡ್ಡಿಯ ಉದ್ದವನ್ನೂ ಗೇಜನ್ನೂ ಕೈಪಿಡಿಯಲ್ಲಿ ಅಚ್ಚು ಹಾಕಿಸಿ. ಕೊಳ್ಳುವವರು ನೀವಾದರೆ, ಕೊಡುವವರೆಗೂ ಬಿಲ್ಲಿಗೆ ದುಡ್ಡು ಕಟ್ಟಬೇಡಿ.